ಅರಿಶಿನ ಇಳಿಸಿದ ಫೋಟೊ

ತಟ್ಟೆಯಲ್ಲಿ ಉಡಿ ಅಕ್ಕಿ ಇತ್ತು. ಕೊಬ್ಬರಿ ಬಟ್ಟಲು ಇತ್ತು. ಐದು ಅರಿಶಿನ ಕೊಂಬು ಇದ್ದವು. ಅಕ್ಕಿಯ ಮೇಲೆ ಇಟ್ಟಿದ್ದ ಬೋರಮಾಳ ಮಾತ್ರ ಇರಲಿಲ್ಲ.

ಮೊದಲು ನೋಡಿದವರು ನಮ್ಮತ್ತೆ ಇಂದ್ರಾಬಾಯಿ. ನನ್ನ ಮಗಳು ಶುಭಾಂಗಿಗೆ ಅರಿಶಿನ ಹಚ್ಚುವ ಶಾಸ್ತ್ರ ಆಗಷ್ಟೇ ಮುಗಿದಿತ್ತು. ವಿಕ್ರೋಳಿಯಲ್ಲಿ ನಮ್ಮ ಬಿಲ್ಡಿಂಗಿನ ನೆಲಮಹಡಿಯ ಹಾಲ್ ತುಂಬ ಹೆಂಗಸರು. ಹಾಡು ಇನ್ನೂ ನಡೆದಿತ್ತು.

“ತಟ್ಟಿ ಯಾರು ಮುಟ್ಟೀರಿ?” ಅತ್ತೆ ಕೇಳಿದರು.

ಯಾರೂ ಮುಟ್ಟಿರಲಿಲ್ಲ.

“ಹಂಗಾರ ಅದಕ್ಕ ಕಾಲು ಬಂದ್ವೇನು?”

ಹಾಡು ನಿಂತಿತು. ಜಮಖಾನೆ ಕೊಡವಿದೆವು. ಚೆಂಡುಹೂವಿನ ರಾಶಿ ಕೆದಕಿದೆವು. ಅಕ್ಕಿಯನ್ನು ಸೆರಗಿಗೆ ಸುರುವಿಕೊಂಡು ಬೆರಳಾಡಿಸಿದೆವು. ಬೋರೆಹಣ್ಣಿನಂಥ ಬಂಗಾರದ ಗುಂಡುಗಳ ಆ ಸರವನ್ನು ಬೆಳಿಗ್ಗೆ ಎಲ್ಲರ ಎದುರು ಅತ್ತೆಯೇ ಮೊಮ್ಮಗಳ ಕೊರಳಿಗೆ ಹಾಕಿದ್ದರು. ಗುಂಡುಗಳ ಸಂದಿಯಲ್ಲಿ ಅರಿಶಿನ ಕೂತೀತು ಎಂದು ನಾನೇ ಬಿಚ್ಚಿ, ಕಿಟಕಿಯ ಪಕ್ಕದ ಸ್ಟೂಲಿನ ಮೇಲಿದ್ದ ತಟ್ಟೆಯಲ್ಲಿ ಇಟ್ಟಿದ್ದೆ. ಇಟ್ಟದ್ದಕ್ಕೂ ಹೋದದ್ದಕ್ಕೂ ನಡುವೆ ಅರ್ಧ ಗಂಟೆಯಿಲ್ಲ.

ಅದು ಶುಕ್ರವಾರ. ಭಾನುವಾರ ಲಗ್ನ.

ಸಂಜೆ ಕಳ್ಳಿ ಸಿಕ್ಕಳು—ಹಾಗೆಂದು ನಾವೆಲ್ಲ ತಿಳಿದೆವು. ಸಿಕ್ಕಿದ್ದು ಫೋಟೊದಲ್ಲಿ. ಆ ಫೋಟೊವನ್ನು ಮನೆತನದ ವಾಟ್ಸಾಪ್ ಗ್ರೂಪಿಗೆ ಹಾಕಿದವಳು ನಾನು. ದಹಿಸರಿನಿಂದ ಕರೆಸಿದ್ದ ಫೋಟೊಗ್ರಾಫರ್ ಅಮೋಲ್ ತೆಗೆದಿದ್ದ ಫೋಟೊಗಳು ಕತ್ತಲಾಗಿದ್ದವು, ಹಳದಿಗಟ್ಟಿದ್ದವು. ಬೈಕುಲ್ಲಾದ ಒಂದು ಸ್ಟುಡಿಯೋದಲ್ಲಿ ಆರು ವರ್ಷದಿಂದ ನಾನು ಮಾಡುವ ಕೆಲಸವೇ ಅದು—ಕೆಟ್ಟ ಫೋಟೊಗಳ ಬೆಳಕು, ಬಣ್ಣ ತಿದ್ದುವುದು. ಮನೆಯ ಲ್ಯಾಪ್‌ಟಾಪಿನಲ್ಲಿ ಹತ್ತು ಫೋಟೊ ತಿದ್ದಿ ಕಳಿಸಿದ್ದೆ.

ಅದರಲ್ಲಿ ಒಂದನ್ನು ನನ್ನ ಗಂಡ ಮುರಿಗೆಪ್ಪ ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದರು. ಮುಂದೆ ಶುಭಾಂಗಿಯ ಮುಖ, ಅವಳ ಕೆನ್ನೆಯ ಮೇಲೆ ನನ್ನ ಕೈ. ಹಿಂದೆ ಕಿಟಕಿಯ ಹತ್ತಿರ, ತಟ್ಟೆಯ ಮೇಲೆ ಬಾಗಿದ ಒಬ್ಬ ಹೆಂಗಸು. ಮುಖ ಮಸುಕು. ಸೀರೆ ನೀಲಿ.

ಆ ದಿನ ಬಂದವರೆಲ್ಲ ಹಳದಿ ಉಟ್ಟಿದ್ದರು. ಮನೆಯ ಹೆಂಗಸರಿಗೆ ಅತ್ತೆ ಬೆಳಗಾವಿಯಿಂದ ಒಂದೇ ಬಣ್ಣದ ಸೀರೆ ತರಿಸಿದ್ದರು—ರಾಮಾ ಹಸಿರು. ನೀಲಿ ಉಟ್ಟವಳು ಒಬ್ಬಳೇ. ನಮ್ಮ ಅಡುಗೆಯ ರಾಚವ್ವ.

“ನಿನ್ನ ಸೀರಿ ಯಾವ ಬಣ್ಣದ್ದು ರಾಚವ್ವ?” ನನ್ನ ಗಂಡ ಕೇಳಿದರು.

“ನೀಲಿರಿ ಅಣ್ಣಾರ. ನೋಡಾಕತ್ತೀರಲ್ಲ.”

“ಇಲ್ಲಿ ಯಾವ ಬಣ್ಣ ಐತಿ?”

ಅವಳು ಮೊಬೈಲಿಗೆ ಬಗ್ಗಿ ನೋಡಿದಳು. “ಅದೂ ನೀಲಿನ ಕಾಣತೈತಿ.”

“ಮತ್ತ?”

“ಮತ್ತ ಅದು ನಾ ಅಲ್ರಿ. ಅರಿಶಿಣದ ಬಟ್ಟಲ ಕೊಟ್ಟು ನಾ ಮ್ಯಾಲ ಬಂದೆ. ಹೋಳಿಗಿ ಹಂಚಿನ ಮ್ಯಾಲ ಇತ್ತು.”

“ಯಾರು ನೋಡ್ಯಾರ?”

“ಹೋಳಿಗಿ ನೋಡೇತಿ.”

ಯಾರೂ ನಗಲಿಲ್ಲ. ರಾಚವ್ವ ನನ್ನ ಕಡೆ ತಿರುಗಿದಳು.

“ವೈನ್ಯಾರ, ನೀವು ಹೇಳ್ರಿ. ಹನ್ನೊಂದು ವರ್ಷ ನಿಮ್ಮ ಮನ್ಯಾಗ ಅದೀನಿ. ನಾ ಅಂಥಾಕಿ ಏನು?”

ನಾನು ಅವಳ ಮುಖ ನೋಡಲಿಲ್ಲ. ಮೊಬೈಲನ್ನೇ ನೋಡುತ್ತ ಅಂದೆ, “ಫೋಟೊದಾಗ ಕಾಣತೈತಲ್ಲ ರಾಚವ್ವ.”

ಹನ್ನೊಂದು ವರ್ಷಕ್ಕೆ ನಾನು ಕೊಟ್ಟ ಉತ್ತರ ಅದು. 

ಅಷ್ಟು ಹೊತ್ತಿಗೆ ನನ್ನ ಗಂಡ ಫೋಟೊದ ಆ ಮೂಲೆಗೆ ಕೆಂಪು ಗೆರೆ ಸುತ್ತಿ ಮತ್ತೆ ಗ್ರೂಪಿಗೆ ಹಾಕಿಯಾಗಿತ್ತು. ಆ ಗ್ರೂಪಿನಲ್ಲಿ ಅತ್ತೆಯ ತವರಿನವರಿದ್ದರು. ರಾಚವ್ವನ ಮಗಳನ್ನು ಹೋದ ವರ್ಷ ಧಾರವಾಡದ ಹತ್ತಿರದ ಹಳ್ಳಿಗೆ ಕೊಡಿಸಿದವರು ಅವರೇ. ಶನಿವಾರ ಬೆಳಗಾಗುವುದರಲ್ಲಿ ಫೋಟೊ ಆ ಹಳ್ಳಿ ಮುಟ್ಟಿತ್ತು. ರಾಚವ್ವನ ಬೀಗತಿ ಅವಳಿಗೆ ಫೋನ್ ಮಾಡಿ ಕೇಳಿದಳಂತೆ—ಕಳ್ಳಿಯ ಮಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೋ, ಕಳಿಸಬೇಕೋ? ಆ ಮನೆಯ ಗಂಡಸರು ಸಂಜೆ ಕೂತು ತೀರ್ಮಾನ ಮಾಡುತ್ತಾರಂತೆ.

ರಾಚವ್ವ ಇದನ್ನು ನನಗೆ ಹೇಳಲಿಲ್ಲ. ಚಹಾ ಸೋಸುತ್ತ ಚಹಾದ ಪಾತ್ರೆಗೆ ಹೇಳಿದಳು.

“ನಾಲ್ಕಕ್ಕ ಪೊಲೀಸ್ ಸ್ಟೇಷನ್‌ಗೆ ಹೋಗ್ತೀನಿ,” ಎಂದರು ನನ್ನ ಗಂಡ. “ಆ ಮುಖ ಒಂದೀಟು ಕ್ಲಿಯರ್ ಆಗಬೇಕು. ನಿನ್ನ ದಿಲನಾಜ ಬಾಯಿ ಎಂಥಾ ಫೋಟೊನೂ ರಿಪೇರಿ ಮಾಡ್ತಾಳ ಅಂತೀಯಲ್ಲ? ಹೋಗು. ಮುಖ ತಗಿಸಿಕೊಂಡು ಬಾ.”

*

ನಾನು ಕೆಲಸ ಮಾಡುವ ದಿಲನಾಜ ಆಪಾಳ ಸ್ಟುಡಿಯೋ ಬೈಕುಲ್ಲಾ ಸ್ಟೇಷನ್ನಿನಿಂದ ಐದು ನಿಮಿಷ, ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ವಿಜಯಪುರದಿಂದ ಬಂದ ಅವಳ ಅಪ್ಪ ರಾಜೇಸಾಬ ತೆರೆದದ್ದು. ಈಗ ಅಲ್ಲಿ ಯಾರೂ ಫೋಟೊ ತೆಗೆಸಿಕೊಳ್ಳಲು ಬರುವುದಿಲ್ಲ. ಬೇರೆಯವರು ಕೆಡಿಸಿದ ಫೋಟೊಗಳು ಬರುತ್ತವೆ. ಅರವತ್ತರ ಹತ್ತಿರದ ಆಪಾ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಅವುಗಳಿಗೆ ಮದ್ದು ಮಾಡುತ್ತಾಳೆ.

“ಅರೆ, ನಾಳಿ ಮಗಳ ಲಗ್ನ. ಇಲ್ಲೇನು ನಿನ್ನ ಕೆಲಸ?”

ನಾನು ನಡೆದದ್ದೆಲ್ಲ ಹೇಳಿ, ಪೆನ್‌ಡ್ರೈವ್ ಕೊಟ್ಟೆ. “ಈ ಮುಖ ಬೇಕು ಆಪಾ.”

ಅವಳು ಫೋಟೊವನ್ನು ಪರದೆಯ ತುಂಬ ಹಿಗ್ಗಿಸಿದಳು.

“ಎಲ್ಲಿಂದ ತರ್ಲಿ? ಕ್ಯಾಮೆರಾ ನಿನ್ನ ಮಗಳ ಮ್ಯಾಲ ನಿಂತಿತ್ತು. ಹಿಂದಿನಾಕಿನ್ನ ಅದು ನೋಡೇ ಇಲ್ಲ. ಫೋಕಸ್ ತಪ್ಪಿದ್ದು ತಿರುಗಿ ಬರಂಗಿಲ್ಲ.”

“ಈಗ ಸಾಫ್ಟ್‌ವೇರ್ ಐತಲ್ಲ, ಮಸುಕು ತಗಿಯೋದು?”

“ಐತಿ. ಕೇಳಿದ್ರ ಒಂದು ಮುಖ ಮಾಡಿ ಕೊಡ್ತೈತಿ. ಕಣ್ಣು, ಮೂಗು, ಬೇಕಾದ್ರ ಮೂಗಬಟ್ಟು. ಯಾರ ಮುಖ ಅಂತ ಮಾತ್ರ ಕೇಳಬ್ಯಾಡ. ಅದನ್ನ ಪೊಲೀಸರಿಗೆ ಕೊಡ್ತೀ ಏನು?”

ಅವಳು ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿದಳು.

“ಇದನ್ನ ತಿದ್ದಿದವರು ಯಾರು?”

“ನಾನ.”

“ಅದಕ್ಕ ಕೇಳಿದೆ. ನಿಮ್ಮ ಮನ್ಯಾಗ ನೀಲಿ ಅಕ್ಕಿ ಉಣ್ತೀರೇನು?”

“ಏನು?”

“ತಟ್ಟ್ಯಾಗಿನ ಅಕ್ಕಿ ನೋಡು.”

ನೋಡಿದೆ. ಉಡಿ ತುಂಬಲು ಇಟ್ಟ ಬಿಳಿ ಅಕ್ಕಿ. ನೀಲಿಗೆ ತಿರುಗಿತ್ತು—ಅತಿಯಾಗಿ ನೀಲಿ ಹಾಕಿ ಒಗೆದ ಪಂಚೆಯ ಹಾಗೆ. ಎಷ್ಟು ಸಲ ಆ ಫೋಟೊ ನೋಡಿದ್ದೆ? ಒಮ್ಮೆಯೂ ಅಕ್ಕಿ ನೋಡಿರಲಿಲ್ಲ.

“ಬಣ್ಣ ತಿದ್ದುವಾಗ ಮಷೀನಿಗೆ ಅಳತಿ ತೋರಿಸೋ ಚುಕ್ಕಿ ಎಲ್ಲಿ ಇಟ್ಟಿ?”

“ಮುಖದ ಮ್ಯಾಲ.”

“ಯಾರ ಮುಖ?”

“ಶುಭಾಂಗಿದು.”

“ಮುಖದ ಮ್ಯಾಲ ಆವಾಗ ಏನಿತ್ತು?”

“ಅರಿಶಿನ.”

ಆಪಾ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. “ಅರಿಶಿಣ ಬಡಕೊಂಡ ಮುಖಾನ ಮೈಬಣ್ಣ ಅಂತ ಮಷೀನಿಗೆ ಹೇಳಿದಿ. ಅದು ಪಾಪ, ಹೇಳಿದ್ದ ಕೇಳ್ತು. ಮುಖದಾಗಿನ ಹಳದಿ ಹೋಗೋತನಕ ಇಡೀ ಫೋಟೊದ ಹಳದಿ ಹೀರಿ ಹಾಕ್ತು. ಹಳದಿ ಹೋದಲ್ಲಿ ನೀಲಿ ಏರ್ತೈತಿ. ಇದು ಮೊದಲನೇ ವಾರ ನಾ ನಿನಗ ಹೇಳಿದ ಪಾಠ. ಮೊದಲ ಬಿಳಿ ಹುಡುಕು—ಅಕ್ಕಿ, ಮಲ್ಲಿಗಿ, ಕಾಗದ, ಏನರೆ. ಆಮ್ಯಾಲ ಮುಖ. ಆರು ವರ್ಷದಾಗ ನೀ ಒಮ್ಮೆನೂ ತಪ್ಪಿಲ್ಲ. ಇಲ್ಲಿ ಯಾಕ ತಪ್ಪಿದಿ?”

“ಗಡಿಬಿಡಿಯೊಳಗ—”

“ವಂದನಾ.”

ಅವಳು ಹೆಸರು ಹಿಡಿದು ಕರೆದರೆ ಸುಳ್ಳು ನಿಲ್ಲುವುದಿಲ್ಲ.

“ಗ್ರೂಪಿನ್ಯಾಗ ಬೀಗರು ಅದಾರ,” ಎಂದೆ. “ಹುಡುಗಿ ನೋಡಾಕ ಬಂದಾಗ ವರನ ಸೋದರತ್ತಿ ಅಂದಿದ್ಲು, ಎಲ್ಲಾ ಚಲೋ, ಬಣ್ಣ ಜರಾ ಕಮ್ಮಿ ಅಂತ. ಅಮೋಲನ ಫೋಟೊದಾಗ ಶುಭಾಂಗಿ ಇನ್ನೂ ಕಪ್ಪ ಕಾಣ್ತಿದ್ಲು. ಹಳದಿ ಇಳಿಸಿದೆ. ಬೆಳಕು ಏರಿಸಿದೆ. ಮುಖ ಬೆಳ್ಳಗಾತು. ಅಲ್ಲಿಗೇ ಬಿಟ್ಟೆ. ಉಳಿದದ್ದು ನೋಡ್ಲಿಲ್ಲ.”

ಆಪಾ ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅವಳು ಕ್ಯಾಮೆರಾದ ಮೂಲ ಫೈಲು ತೆರೆದು, ಅಕ್ಕಿಯ ಮೇಲೆ ಚುಕ್ಕಿ ಇಟ್ಟು ಒತ್ತಿದಳು.

ಅಕ್ಕಿ ಬೆಳ್ಳಗಾಯಿತು. ನನ್ನ ಮಗಳ ಮುಖಕ್ಕೆ ಅರಿಶಿನ ಮರಳಿ ಬಂತು, ಅರಿಶಿನದಡಿ ಅವಳ ಸ್ವಂತ ಕಪ್ಪೂ ಬಂತು. ಕಿಟಕಿಯ ಬಳಿ ಬಾಗಿದ್ದವಳ ಸೀರೆಯ ನೀಲಿ ಜಾರಿ, ಹಸಿರು ನಿಂತಿತು. ರಾಮಾ ಹಸಿರು.

“ಈ ಬಣ್ಣ ಎಷ್ಟು ಮಂದಿ ಉಟ್ಟಿದ್ರು?”

“ನಾಲ್ಕು. ನಾನು, ಇಬ್ಬರು ನಾದಿನಿಯರು, ವಾರಗಿತ್ತಿ ಮಾಧುರಿ.”

“ನೀ ಎಲ್ಲಿದ್ದಿ?”

“ಇದ ಫೋಟೊದಾಗ. ಮುಂದಿನ ಕೈ ನಂದು.”

“ಮೂರು ಉಳಿದ್ವು.” ಆಪಾ ಫೋಟೊಗಳ ಸಾಲು ನೋಡಿದಳು. “ನಂಬರು ಹಾರ್‍ಯಾವಲ್ಲ? ನಡುವಿನವು ಎಲ್ಲಿ?”

“ಅವು ಕೆಟ್ಟವು. ಬ್ಯಾರೆ ಫೋಲ್ಡರಿಗೆ ಹಾಕೀನಿ.”

“ಕೆಟ್ಟವು ಅಂದ್ರ?”

“ಶುಭಾಂಗಿ ಮುಖ ಮಸುಕಾಗೇತಿ. ಫೋಕಸ್ ಹಿಂದಕ ಹೋಗೇತಿ.”

ಹೇಳಿದ ಮೇಲೆ ನನಗೇ ಕೇಳಿಸಿತು. ಆಪಾ ಕನ್ನಡಕ ಏರಿಸಿಕೊಂಡಳು. “ಹಿಂದಕ ಹೋಗೇತಿ. ತಗಿ ಅದನ್ನ.”

ಅದೇ ನಿಮಿಷದ ಮುಂದಿನ ಫೋಟೊ; ಅದಕ್ಕೂ ಅವಳು ಅಕ್ಕಿಯ ಮೇಲೆ ಚುಕ್ಕಿ ಇಟ್ಟಳು. ಮುಂದೆ ನನ್ನ ಮಗಳು ಬರೀ ಹಳದಿ ಮಬ್ಬು. ಕ್ಯಾಮೆರಾ ಅವಳ ಹೆಗಲ ಮೇಲಿಂದ ಜಾರಿ ಕಿಟಕಿಯ ಸ್ಟೂಲಿನ ಮೇಲೆ ಕೂತಿತ್ತು. ಅಕ್ಕಿಯ ಕಾಳು ಕಾಳು ಎಣಿಸಬಹುದು. ಹಸಿರು ಸೆರಗು. ಅದರಡಿಯಿಂದ ಚಾಚಿದ ಬಲಗೈ, ಬೋರಮಾಳದ ಮೇಲೆ. ಆದರೆ ಕೊರಳಿನಿಂದ ಮೇಲಕ್ಕೆ ಏನೂ ಕಾಣುವುದಿಲ್ಲ—ಕಿಟಕಿಯ ಬಿಸಿಲು ಮುಖವನ್ನು ನುಂಗಿ ಬೆಳ್ಳಗೆ ಉರಿಯುತ್ತಿತ್ತು.

“ಬೆಳಕು ಇಳಿಸಿದ್ರ ಮುಖ ಬಂದೀತೇನು?” ಕೇಳಿದೆ. ಬರಬಾರದು ಎಂದು ಮನಸ್ಸು ಬೇಡುತ್ತಿತ್ತು. 

“ಬೆಳಕಿಗೆ ಸುಟ್ಟ ಜಾಗದಾಗ ಏನೂ ಉಳದಿರಂಗಿಲ್ಲ. ನೆರಳಿನ್ಯಾಗ ಮಾತ್ರ ಒಂದೀಟು ಇರ್ತೈತಿ.” ಅವಳು ನೆರಳನ್ನಷ್ಟೇ ಎತ್ತಿದಳು. ಕತ್ತಲಲ್ಲಿದ್ದ ಅಂಗೈ ಮೆಲ್ಲಗೆ ತಿಳಿಯಾಯಿತು. “ಮುಖ ಬ್ಯಾಡ. ಈ ಕೈ ನೋಡು. ಏನು ಕಾಣತೈತಿ?”

“ಹಸಿರು ಬಳಿ.”

“ಬಳಿ ಎಲ್ಲಾರಿಗೂ ಅದಾವು. ಬಣ್ಣ ಹೇಳು. ಕೈ ಬಣ್ಣ.”

“ಕೈ... ಕೈಬಣ್ಣನ ಐತಿ.”

“ಅಂದ್ರ ಹಳದಿ ಇಲ್ಲ. ಅರಿಶಿಣ ಹಚ್ಚಿದವರು ಯಾರ್‍ಯಾರು? ಸಾಲಾಗಿ ಹೇಳು.”

“ಮೊದಲು ಇಬ್ಬರು ನಾದಿನಿಯರು. ಆಮ್ಯಾಲ ಬಿಲ್ಡಿಂಗಿನ ಇಬ್ಬರು. ಕಡೀಕ ನಾನು. ಐದು ಮಂದಿ.”

“ಈ ಫೋಟೊ ನೀ ಹಚ್ಚುವಾಗಿಂದು. ಅಂದ್ರ ಅಷ್ಟೊತ್ತಿಗೆ ನಾದಿನಿಯರು ಹಚ್ಚಿ ಮುಗಿಸಿದ್ರು. ಅವರ ಕೈ?”

“ತೊಳಕೊಂಡಿರಬಹುದಲ್ಲ?”

“ಆ ಅರಿಶಿಣ ಒಂದ ನೀರಿಗೆ ಹೋಗತೈತೇನು?” ಅವಳು ಹತ್ತು ನಿಮಿಷ ಆಮೇಲಿನ ಫೋಟೊ ತೆರೆದಳು. ನಾದಿನಿಯರಿಬ್ಬರೂ ಅಂಗೈ ತೋರಿಸಿ ನಗುತ್ತಿದ್ದರು. ಮಣಿಕಟ್ಟಿನವರೆಗೆ ಅರಿಶಿನ. “ನೀ ತಿದ್ದಿದ ಫೋಟೊದಾಗ ಯಾರ ಕೈಯೂ ಹಳದಿ ಇಲ್ಲ. ಸೀರಿ ಬಣ್ಣ ಅಷ್ಟ ಕೆಡಿಸಿಲ್ಲ ನೀ. ಕೈ ಗುರುತೂ ಅಳಿಸಿದಿ. ಈಗ ಹೇಳು—ಹಸಿರು ಉಟ್ಟಾಕಿ, ಅರಿಶಿಣ ಮುಟ್ಟದಾಕಿ ಯಾರು?”

ಹೆಸರು ನಾಲಿಗೆಯ ಮೇಲೆ ಇತ್ತು. ನಾನು ಪೆನ್‌ಡ್ರೈವಿನ ಮುಚ್ಚಳ ತಿರುವುತ್ತ ಕೂತೆ.

“ಮಾಧುರಿ,” ಎಂದಳು ಆಪಾ. “ಹೌದಿಲ್ಲೋ? ಮನಿ ಸೊಸಿ. ಆಕಿ ಯಾಕ ಹಚ್ಚಲಿಲ್ಲ?”

ಇದನ್ನು ಕೇಳುತ್ತಾಳೆ ಎಂದು ನಾನು ಹೆದರಿ ಕೂತಿದ್ದೆ.

ಮಾಧುರಿ ನನ್ನ ಮೈದುನ ಸಂತುವಿನ ಹೆಂಡತಿ. ನಾಲ್ಕು ವರ್ಷದ ಹಿಂದೆ ಸಂತು ಪುಣೆಯಲ್ಲಿ ಬೇರೆ ಮನೆ ಮಾಡಿದ. ಅವಳು ಇಲ್ಲೇ ಉಳಿದಳು. ಕಾಲನಿಯ ಶಿಶುವಿಹಾರದಲ್ಲಿ ಕೆಲಸ ಮಾಡುತ್ತಾಳೆ, ಹಣೆಗೆ ಕುಂಕುಮ ಇಡುತ್ತಾಳೆ, ಯಾರೊಂದಿಗೂ ಏರು ದನಿಯಲ್ಲಿ ಮಾತಾಡುವುದಿಲ್ಲ. ಶುಕ್ರವಾರ ಅವಳು ಬಳೆಗಳನ್ನು ಮೊಣಕೈ ಕಡೆ ಸರಿಸಿಕೊಂಡು ಅರಿಶಿನದ ಬಟ್ಟಲ ಮುಂದೆ ಬಂದು ನಿಂತಿದ್ದಳು. ನಾನು ಅವಳ ಮಣಿಕಟ್ಟು ಹಿಡಿದು ನಗುತ್ತಲೇ ಅಂದಿದ್ದೆ, “ಐದು ಮಂದಿ ಆದೀವಿ ಮಾಧುರಿ. ನೀ ಹಾಡಿನ ಕಡೆ ಕೂಡು.” ಬಿಲ್ಡಿಂಗಿನ ಇಬ್ಬರನ್ನು ಕರೆದು ಐದು ತುಂಬಿಸಿದವಳೂ ನಾನೇ. ಗಂಡ ಬಿಟ್ಟವಳ ಕೈ ನನ್ನ ಮಗಳ ಮುಖಕ್ಕೆ ತಾಗದಿರಲಿ ಎಂದು.

ಇದನ್ನೆಲ್ಲ ಆಪಾಗೆ ಹೇಳಿದೆ. ಅವಳ ಮುಖ ನೋಡದೆ ಹೇಳಿದೆ.

“ಇನ್ನೊಂದು,” ಎಂದಳು ಅವಳು. “ಬೋರಮಾಳ ಯಾರದು?”

“ಅತ್ತೀದು.”

“ಅತ್ತಿ ಅದನ್ನ ಮೊದಲ ಯಾರಿಗೆ ಕೊಟ್ಟಿದ್ರು?”

“ಅದ್ಹ್ಯಾಂಗ ಗೊತ್ತಾತು ನಿಮಗ?”

“ಗೊತ್ತಿಲ್ಲ. ತಟ್ಟಿ ಹತ್ತಿರನ ಬೆಳ್ಳಿ ಕುಂಕುಮ ಭರಣಿ ಐತಿ, ಬಂಗಾರದ ಪಾಟಲಿ ಬಳಿ ಅದಾವು. ಕೈ ಅದನ್ನೆಲ್ಲ ದಾಟಿ ಅದೊಂದರ ಮ್ಯಾಲ ಹೋಗೇತಿ. ಹಂಗ ಹೋಗೋದು ಕಳ್ಳರ ಕೈ ಅಲ್ಲ.”

“ಮಾಧುರಿ ಲಗ್ನದಾಗ ಆಕಿಗೆ ಹಾಕಿದ್ರು,” ಎಂದೆ. “ಸಂತು ಹೋದ ಮ್ಯಾಲ ಜೋಪಾನಕ್ಕ ಅಂತ ಇಸಗೊಂಡ್ರು. ಈಗ ಶುಭಾಂಗಿಗೆ ಅಂದ್ರು. ನಾ ಬ್ಯಾಡ ಅನ್ನಲಿಲ್ಲ.”

ಆಪಾ ಎರಡೂ ಫೋಟೊಗಳನ್ನು ಪೆನ್‌ಡ್ರೈವಿಗೆ ಹಾಕಿ ನನ್ನ ಕೈಗಿಟ್ಟಳು.

“ತಗೊಂಡಾಕಿ ಮಾಧುರಿ. ಆದರ ರಾಚವ್ವನ್ನ ಕಳ್ಳಿ ಮಾಡಿದಾಕಿ ಆಕಿ ಅಲ್ಲ. ಅದು ನೀ. ಇವೆರಡು ಕೂಡಿಸಿ ಒಂದ ಮಾಡಬ್ಯಾಡ.”

“ನೀವು ಬರ್ರಿ ಆಪಾ. ನೀವು ಹೇಳಿದ್ರ ಮನ್ಯಾಗ ನಂಬ್ತಾರ.”

“ನಾಳಿ ಬರ್ತೀನಿ, ಊಟಕ್ಕ. ಇವತ್ತು ನೀನ ಹೇಳು.”

*

ಲೋಕಲ್ಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ವಿಕ್ರೋಳಿ ಬರುವತನಕ ನಾನು ಒಂದು ಸುಳ್ಳನ್ನು ಕಟ್ಟಿದೆ. ಬೋರಮಾಳ ಜಮಖಾನೆಯ ಮಡಿಕೆಯಲ್ಲಿ ಸಿಕ್ಕಿತು ಅನ್ನಬಹುದು. ರಾಚವ್ವನಿಗೆ ಒಂದು ಸೀರೆ ಉಡಿಸಬಹುದು. ಮಾಧುರಿಯ ಹೆಸರು ಬರುವುದಿಲ್ಲ, ನನ್ನದಂತೂ ಬರುವುದೇ ಇಲ್ಲ. ನಾಳೆ ಲಗ್ನ. ಸುಳ್ಳು ಎಷ್ಟು ಸಲೀಸಾಗಿ ಕೂಡಿ ಬಂತೆಂದರೆ, ಇಳಿಯುವಾಗ ಅದನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಮನೆಯಲ್ಲಿ ರಾಚವ್ವ ಅಡುಗೆ ಮುಗಿಸಿ, ತನ್ನ ಚೀಲ ಪಕ್ಕಕ್ಕಿಟ್ಟುಕೊಂಡು ಬಾಗಿಲ ಹತ್ತಿರ ಕೂತಿದ್ದಳು. ನಾನು ಅವಳನ್ನು ದಾಟಿ ಒಳಕೋಣೆಗೆ ಹೋದೆ. ಮಾಧುರಿ ನಾಳೆಯ ಆರತಿ ತಟ್ಟೆ ಒರೆಸುತ್ತಿದ್ದಳು. ಬಾಗಿಲು ಮುಂದೆ ಮಾಡಿದೆ.

“ಎಲ್ಲೈತಿ ಮಾಧುರಿ?”

ಏನು ಎಂದು ಅವಳು ಕೇಳಲಿಲ್ಲ. ಸೆರಗು ಸರಿಸಿದಳು. ಕುಪ್ಪಸದ ಒಳಗಿಂದ ಬಂಗಾರದ ಗುಂಡುಗಳು ಇಣುಕಿದವು.

“ನಿನ್ನಿಯಿಂದ ಕೊಳ್ಳಾಗ ಐತಿ. ನಿಮ್ಮೆಲ್ಲಾರ ಮುಂದನ ಉಂಡೆ, ನಿಮ್ಮೆಲ್ಲಾರ ಮುಂದನ ಓಡಾಡಿದೆ. ನನ್ನ ಕೊಳ್ಳ ಯಾರೂ ನೋಡ್ಲಿಲ್ಲ ಅಕ್ಕಾ.”

“ರಾಚವ್ವನ ಹೆಸರು ಬಂದಾಗ ಯಾಕ ಸುಮ್ಮನಿದ್ದಿ?”

“ಹೇಳಬೇಕಂತ ಎದ್ದಿದ್ದೆ. ಆವಾಗ ನೀನು ಫೋಟೊದಾಗ ಕಾಣತೈತಲ್ಲ ಅಂದಿ.” ಅವಳ ದನಿ ಇಳಿಯಿತು. “ಫೋಟೊ ತಿದ್ದೋದು ನಿನ್ನ ಕೆಲಸ. ನನ್ನ ಸೀರಿ ನೀಲಿ ಆಗಿದ್ದು ನೋಡಿ, ಅಕ್ಕಾ ಬೇಕಂತ ಮಾಡ್ಯಾಳ, ನನ್ನ ಕಾಯಾಕ ಮಾಡ್ಯಾಳ ಅಂತ ತಿಳಕೊಂಡೆ. ಈ ಮನ್ಯಾಗ ಒಬ್ಬರರೆ ನನ್ನ ಸಲುವಾಗಿ ಇಷ್ಟು ಮಾಡಿದ್ರಲ್ಲ ಅಂತ... ಬಾಯಿ ಕಟ್ಟಿತು. ನಾಚಿಕಿನೂ ಬಂತು.”

ನಾನು ಮಂಚದ ಅಂಚಿಗೆ ಕೂತೆ. ಅವಳು ನನ್ನಲ್ಲಿ ಕಂಡ ಆ ಪ್ರೀತಿ ನನ್ನಲ್ಲಿ ಇರಲಿಲ್ಲ. ಇಲ್ಲ ಎಂದು ಅವಳಿಗೆ ಹೇಳಬೇಕಾಗಿತ್ತು.

“ನಿನ್ನ ಸಲುವಾಗಿ ಮಾಡಿದ್ದಲ್ಲ ಮಾಧುರಿ. ಶುಭಾಂಗಿ ಬೆಳ್ಳಗ ಕಾಣಲಿ ಅಂತ ಮಾಡಿದ್ದು. ನಿನ್ನ ನಾ ನೋಡೇ ಇಲ್ಲ.”

ಅವಳು ತಲೆಯಾಡಿಸಿದಳು. ಆರತಿ ತಟ್ಟೆಯನ್ನು ಮತ್ತೊಮ್ಮೆ ಒರೆಸಿದಳು. ಆಮೇಲೆ ನನಗಿಂತ ಮೊದಲು ಎದ್ದು ಬಾಗಿಲು ತೆರೆದಳು.

ಹಾಲಿನಲ್ಲಿ ನನ್ನ ಗಂಡ ಚಪ್ಪಲಿ ಮೆಟ್ಟಿ ಸಿದ್ಧರಾಗಿದ್ದರು. “ಮುಖ ಬಂತೇನು?”

“ಬರಲಿಲ್ಲ. ಬರೋದು ಬ್ಯಾಡ.” ಲ್ಯಾಪ್‌ಟಾಪ್ ತೆರೆದು ಎರಡು ಫೋಟೊ ಇಟ್ಟೆ. ಅಕ್ಕಿಯಿಂದ ಶುರು ಮಾಡಿದೆ. ನೀಲಿ ಹೇಗೆ ಬಂತು, ಹಸಿರು ಹೇಗೆ ಹೋಯಿತು, ಹಳದಿಯಿಲ್ಲದ ಕೈ ಯಾವುದು. ಹೆಸರು ಹೇಳುವ ಹೊತ್ತಿಗೆ ಮಾಧುರಿಯೇ ಬೋರಮಾಳವನ್ನು ಸೆರಗಿನ ಮೇಲೆ ಎಳೆದುಕೊಂಡು ಅತ್ತೆಯ ಮುಂದೆ ನಿಂತಳು.

“ನಂದು ನಾ ತಗೊಂಡೆ ಅತ್ತಿ. ರಾಚವ್ವಕ್ಕ, ನನ್ನ ಸಲುವಾಗಿ ನಿಮಗ ಮಾತು ಬಂತು. ಕೈ ಮುಗೀತೀನಿ.”

ಅತ್ತೆ ಬೋರಮಾಳವನ್ನೊಮ್ಮೆ ನೋಡಿದರು. ಅದಕ್ಕೆ ಕೈ ಚಾಚಲಿಲ್ಲ. ಸೋಫಾದ ಮೇಲೆ ಕೂತಿದ್ದ ಶುಭಾಂಗಿ ಚಿಕ್ಕಮ್ಮನ ಕಡೆ ಕೈ ತೋರಿಸಿ ಅಂದಳು, “ಆಜಿ, ಅದು ಕಾಕೂಂದೇ ಹೈ ನಾ? ಮುಝೆ ನಕೋ, ನಂಗೆ ಬೇಡ. ಕಾಕೂ ಕಡೇನೇ ಇರ್ಲಿ.”

ನನ್ನ ಗಂಡ ಚಪ್ಪಲಿ ಬಿಚ್ಚಿದರು. “ಆತಲ್ಲ. ಮನಿ ಮಾತು ಮನ್ಯಾಗ ಮುಗೀತು. ವಂದನಾ, ಗ್ರೂಪಿನ್ಯಾಗ ಹಾಕಿ ಬಿಡು—ಜಮಖಾನ್ಯಾಗ ಸಿಕ್ತು ಅಂತ.”

ನಾನು ಕಟ್ಟಿದ್ದ ಅದೇ ಸುಳ್ಳು, ಅದೇ ಜಮಖಾನೆ. ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿ ಬಾಳಿದವರ ಸುಳ್ಳುಗಳೂ ಒಂದೇ ಆಗಿರುತ್ತವೆ.

“ಹಂಗ ಹಾಕಬ್ಯಾಡ್ರಿ,” ಎಂದಳು ರಾಚವ್ವ, ಕೂತಲ್ಲಿಂದಲೇ. “ಸಿಕ್ತು ಅಂದ್ರ ಏನಂತಾರ ಗೊತ್ತೇನ್ರಿ ಅಣ್ಣಾರ? ಕದ್ದಾಕಿ ಅಂಜಿ ತಂದು ಇಟ್ಲು ಅಂತಾರ. ನಮ್ಮೂರಾಗ ಹಂಗ ಅಂತಾರ. ನಾನರೆ ಹಂಗ ಅಂತಿದ್ದೆ.”

“ಮತ್ತ ಏನು ಹಾಕಬೇಕು? ಮಾಧುರಿ ಹೆಸರು ಹಾಕೋದೇನು? ಬೀಗರು ಅದಾರ ಅದರಾಗ.”

“ಅವರ ಹೆಸರು ನನಗೆ ಬ್ಯಾಡ್ರಿ. ನನ್ನ ಹೆಸರು ತಗೀರಿ. ಅಷ್ಟ.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಮೊಬೈಲ್ ತೆಗೆದು, ಅರಿಶಿನ ಇದ್ದಂತೆಯೇ ಇದ್ದ, ಆಪಾ ಸರಿಮಾಡಿದ ಫೋಟೊ ಹಾಕಿದೆ. ಅಡಿಯಲ್ಲಿ ಬರೆದೆ: “ನಿನ್ನೆ ನಾನು ಕಳಿಸಿದ ಫೋಟೊದ ಬಣ್ಣ ಸುಳ್ಳು. ಮಗಳು ಬೆಳ್ಳಗೆ ಕಾಣಲೆಂದು ನಾನು ತಿದ್ದಿದೆ. ಅದರಿಂದ ಹಸಿರು ಸೀರೆ ನೀಲಿ ಕಂಡಿತು. ಅಲ್ಲಿ ಇರುವವಳು ರಾಚವ್ವ ಅಲ್ಲ, ನಮ್ಮ ಮನೆಯ ಸೊಸೆ. ಅವಳು ಮುಟ್ಟಿದ್ದು ಅವಳದೇ ವಸ್ತು. ತಪ್ಪು ನನ್ನದು.”

ಕಳಿಸುವ ಮುನ್ನ ಮಗಳ ಮುಖ ನೋಡಿದೆ. ಬೀಗರು, ವರನ ಸೋದರತ್ತೆ, ಎಲ್ಲರೂ ಓದುತ್ತಾರೆ.

“ಭೇಜ್ ದೋ ಮಮ್ಮಿ, ಕಳಿಸು,” ಎಂದಳು ಅವಳು. “ನನ್ನ ಬೆಳ್ಳಗಿನ ಮುಖ ನೋಡಿ ನಾನು ಮದುವೆ ಆಗೋ ಹುಡುಗನೇ ನಿನ್ನೆ ಕೇಳಿದ್ದ, ಯೇ ಕೌನ್ ಹೈ, ಯಾರಿದು ಅಂತ. ನಂಗೇ ಶರಮ್ ಆಯ್ತು.”

ಕಳಿಸಿದೆ. ರಾಚವ್ವನಿಗೆ ಓದಲು ಬರುವುದಿಲ್ಲ. ಜೋರಾಗಿ ಓದಿ ಹೇಳಿ ಎಂದಳು. ಓದಿದೆ. ಒಂದೊಂದು ಮಾತಿಗೂ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಆ ಹಳ್ಳ್ಯಾಗ ಯಾರು ಓದ್ತಾರ್ರಿ ಇಷ್ಟುದ್ದ?” ಎಂದಳು ಮುಗಿದ ಮೇಲೆ. “ಫೋಟೊ ಅಷ್ಟ ನೋಡ್ತಾರ.”

ಮಡಿಲಲ್ಲಿದ್ದ ತನ್ನ ಚಿಕ್ಕ ಫೋನಿನಲ್ಲಿ ಗುಂಡಿ ಒತ್ತಿ, ಕಿವಿಗೆ ಹಚ್ಚಿ, ಗಂಟೆ ಹೋಗುತ್ತಿದೆ ಎಂದು ಖಾತ್ರಿಯಾದ ಮೇಲೆ ನನ್ನ ಕಡೆ ಚಾಚಿದಳು.

“ನಮ್ಮ ಬೀಗರು. ನೀವ ಹೇಳ್ರಿ.”

ಆ ಕಡೆ ಒಬ್ಬ ಗಂಡಸು ಎತ್ತಿದ. ಹಿಂದೆ ನಾಲ್ಕಾರು ಜನ ಮಾತಾಡುವ ಸದ್ದು. ತೀರ್ಮಾನಕ್ಕೆ ಕೂತಿದ್ದರೋ ಏನೋ.

“ಯಾರು ಮಾತಾಡೋದು?”

ರಾಚವ್ವ ಇನ್ನೂ ಚೀಲದ ಮೇಲಿಂದ ಕೈ ತೆಗೆದಿರಲಿಲ್ಲ.

“ನಾನು ವಂದನಾ,” ಎಂದೆ. “ಮುಂಬೈಯಿಂದ. ಆ ಫೋಟೊ ಕೆಡಿಸಿದಾಕಿ.”